ದುಬಾರಿ ಎಂಜಿನ್ನಿನ ಭಕ್ತರಿಗೆ ಕೊಟ್ಟೂರಿನಿಂದ

ಮಾದರಿ ರೈಲಿನ ಹವ್ಯಾಸಕ್ಕೆ ಕೈ ಹಾಕಿದವರಿಗೆಲ್ಲ ಮೊದಲ ದಿನವೇ ಸಿಗುವ ಉಪದೇಶ ಒಂದಿದೆ. ಅಗ್ಗದ ಎಂಜಿನ್ ಮುಟ್ಟಬೇಡಿ. ದುಡ್ಡು ಕೂಡಿಸಿ, ಬೇಕಾದರೆ ಎರಡು ವರ್ಷ ಕಾಯಿರಿ, ಕೊಂಡರೆ ಒಂದೇ ಸಲ ಉತ್ತಮವಾದದ್ದನ್ನು ಕೊಳ್ಳಿ. ಅಗ್ಗದ್ದನ್ನು ಕೊಂಡವನು ಎರಡು ಸಲ ಕೊಳ್ಳುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆಯನ್ನೇ ರೈಲಿಗೆ ಬಿಟ್ಟುಕೊಟ್ಟ ನಿವೃತ್ತ ಎಂಜಿನಿಯರ್ ಇದನ್ನು ಹೇಳುತ್ತಾರೆ. ಅಮೆರಿಕದಿಂದ ರಜೆಗೆ ಬರುವ ಅಕ್ಕನ ಮಗ ಹೇಳುತ್ತಾನೆ. ಅಂಗಡಿಯವನಂತೂ ಹೇಳಿಯೇ ಹೇಳುತ್ತಾನೆ, ಅವನ ಹೊಟ್ಟೆಪಾಡು ಅದು. ಎಲ್ಲರೂ ಹೇಳುವುದರಿಂದ ಇದು ಹಿರಿಯರ ಅನುಭವದ ಮಾತಿನಂತೆ ಕೇಳಿಸುತ್ತದೆ. ನನ್ನ ಪ್ರಕಾರ ಇದು ಅರ್ಧ ಸತ್ಯ, ಮತ್ತು ಹೊಸಪೇಟೆಯಿಂದ ಈಚೆಗೆ ಬಂದರೆ ಆ ಅರ್ಧವೂ ಉಳಿಯುವುದಿಲ್ಲ.

ಮೊದಲು ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿಬಿಡುತ್ತೇನೆ. ಅಗ್ಗದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಮೂರು ಪೋಲಿನ ಮೋಟಾರು ಇರುತ್ತದೆ. ನಿಧಾನಕ್ಕೆ ಓಡಿಸಲು ಹೋದರೆ ತಿರುಗುವ ಬದಲು ಜರ್ಕು ಹೊಡೆಯುತ್ತದೆ. ಒಂದೇ ಬೋಗಿಯ, ಅಂದರೆ ಅಡಿಯ ಗಾಲಿಜೋಡಣೆಯ, ಗಾಲಿಗಳಿಗೆ ಗೇರು, ಇನ್ನೊಂದು ಬೋಗಿ ಸುಮ್ಮನೆ ಉರುಳುತ್ತದೆ. ಹಳಿಯಿಂದ ವಿದ್ಯುತ್ ಎತ್ತಿಕೊಳ್ಳುವ ಪಿಕಪ್ಪುಗಳೂ ಎಲ್ಲ ಗಾಲಿಗೆ ಇರುವುದಿಲ್ಲ, ಹೀಗಾಗಿ ಹಳಿ ಕವಲೊಡೆಯುವ ಪಾಯಿಂಟ್ಸಿನ ನಡುವಿನ ಪ್ಲಾಸ್ಟಿಕ್ ತುಣುಕಿನ ಮೇಲೆ ಬಂದಾಗ ಗಪ್ಪಂತ ನಿಂತುಬಿಡುತ್ತದೆ. ಮೈ ಹಗುರ, ನಾಲ್ಕು ಡಬ್ಬಿ ಕಟ್ಟಿದರೆ ಗಾಲಿ ಜಾರುತ್ತದೆ, ಅದಕ್ಕೆಂದು ಗಾಲಿಗೆ ರಬ್ಬರ್ ಉಂಗುರ ತೊಡಿಸಿರುತ್ತಾರೆ, ಆ ಉಂಗುರ ಹಳಿಗೆಲ್ಲ ಕೊಳೆ ಬಳಿಯುತ್ತದೆ. ದುಬಾರಿ ಎಂಜಿನ್ನಿನಲ್ಲಿ ಐದು ಪೋಲಿನ ಅಥವಾ ಕೋರ್‌ಲೆಸ್ ಮೋಟಾರು, ಫ್ಲೈವೀಲು, ಎಲ್ಲ ಗಾಲಿಯಚ್ಚಿಗೂ ಗೇರು, ಎಲ್ಲ ಗಾಲಿಗೂ ಪಿಕಪ್ಪು, ಎರಕದ ಭಾರವಾದ ಚಾಸಿ. ಇದೆಲ್ಲ ನಿಜ. ಇಷ್ಟೇ ಹೇಳಿ ನಿಲ್ಲಿಸಿದ್ದರೆ ನನಗೆ ಜಗಳವಿರಲಿಲ್ಲ. ಇದರ ಮೇಲೆ ಅವರು ಕಟ್ಟುವ ತೀರ್ಮಾನದ ಬಗ್ಗೆ ನನ್ನ ತಕರಾರು: ಅಗ್ಗದ್ದು ಆಟಿಕೆ, ದುಬಾರಿಯದು ಮಾದರಿ, ಮೊದಲನೆಯದನ್ನು ಕೊಂಡವನು ಇನ್ನೂ ಹವ್ಯಾಸಿಯಾಗಿಲ್ಲ.

ಈ ಮಾತನ್ನು ಕೊಟ್ಟೂರಿನಲ್ಲಿ ನಿಂತು ಹೇಳಲು ಸ್ವಲ್ಪ ನಾಚಿಕೆಯಾಗಬೇಕು. ಏಕೆಂದರೆ ಈ ಊರಿಗೆ ರೈಲು ಬಂದದ್ದೇ ಅಗ್ಗದ ದಾರಿಯಲ್ಲಿ.

ಭಾರತದ ರೈಲಿಗೆ ಡಾಲ್‌ಹೌಸಿಯ ಕಾಲದಲ್ಲಿ ಗೊತ್ತುಮಾಡಿದ್ದು ಐದೂವರೆ ಅಡಿಯ, ಅಂದರೆ 1676 ಮಿ.ಮೀ. ಅಗಲದ ಹಳಿ. ಆ ಕಾಲದ ಪ್ರೀಮಿಯಂ ಅದು. ಅಷ್ಟು ಅಗಲದ ಹಳಿಯನ್ನು ದೇಶವೆಲ್ಲ ಹಾಸಲು ಖಜಾನೆಯಲ್ಲಿ ದುಡ್ಡಿಲ್ಲ ಎಂದು ಅರಿವಾದಾಗ, 1870ರಲ್ಲಿ ಲಾರ್ಡ್ ಮೇಯೋ ಆಡಳಿತ ಮೀಟರ್ ಗೇಜಿಗೆ ಒಪ್ಪಿತು. ಹಳಿ ಕಿರಿದು, ತಿರುವು ಬಿಗಿ, ಸೇತುವೆ ಸಣ್ಣದು, ಎಂಜಿನ್ ಹಗುರ, ಖರ್ಚು ಕಡಿಮೆ. ಅಂದೂ ಶುದ್ಧಾಚಾರದ ಎಂಜಿನಿಯರುಗಳು ಇದು ರೈಲೇ ಅಲ್ಲ ಎಂದು ಹಟ ಹಿಡಿದಿದ್ದರು. ಆಮೇಲೆ 1876ರಿಂದ 78ರವರೆಗಿನ ಭೀಕರ ಬರ ಬಂತು, ನಮ್ಮೂರಿದ್ದ ಆಗಿನ ಬಳ್ಳಾರಿ ಜಿಲ್ಲೆ ಅದರ ಬಾಯಿಗೆ ನೇರವಾಗಿ ಸಿಕ್ಕಿತು. ದವಸ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಬರದ ಸೀಮೆಗೆ ಹಳಿ ಹಾಕಲೆಂದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಹಾಕಿದ್ದೆಲ್ಲ ಮೀಟರ್ ಗೇಜೇ. ಆ ಜಾಲದ ಒಂದು ಕವಲು 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಹಾದು ಕೊಟ್ಟೂರಿಗೆ ಬಂದು ನಿಂತಿತು. ಐದೂವರೆ ಅಡಿಯೇ ಬೇಕು, ಇಲ್ಲದಿದ್ದರೆ ರೈಲೇ ಬೇಡ ಎಂದಿದ್ದರೆ ಕೊಟ್ಟೂರೂ ಕೂಡ್ಲಿಗಿ, ಹಡಗಲಿಗಳ ಸಾಲಿಗೆ ಸೇರುತ್ತಿತ್ತು. ಆ ಎರಡು ತಾಲ್ಲೂಕು ಕೇಂದ್ರಗಳಿಗೆ ಇವತ್ತಿಗೂ ರೈಲಿಲ್ಲ.

ಕಥೆಯ ಎರಡನೇ ಭಾಗ ಇನ್ನೂ ಖಾರವಾಗಿದೆ. 1992ರಲ್ಲಿ ಯುನಿಗೇಜ್ ಯೋಜನೆ ಶುರುವಾಯಿತು, ಮೀಟರ್ ಗೇಜೆಲ್ಲ ಬ್ರಾಡ್ ಗೇಜ್ ಆಗಬೇಕೆಂದಾಯಿತು. ನಮ್ಮ ಹಳಿಯೂ ಅಗಲವಾಯಿತು. ಹಳಿ ಪ್ರೀಮಿಯಂ ಆಯಿತು, ಪ್ಯಾಸೆಂಜರ್ ಗಾಡಿ ಮಾಯವಾಯಿತು. ವರ್ಷಗಟ್ಟಲೆ ಮನವಿ, ಹೋರಾಟ ನಡೆದು, ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೊಸ ಹಳಿಯೂ ಸೇರಿಕೊಂಡು, ಹೊಸಪೇಟೆ ಕಡೆಯಿಂದ ಜನ ಹತ್ತುವ ರೈಲು ಮತ್ತೆ ಬಂದದ್ದು 2019ರಲ್ಲಿ. ಹಾಗೆಂದು ಬ್ರಾಡ್ ಗೇಜ್ ಬೇಡವಿತ್ತು ಎನ್ನುವ ಮೂರ್ಖ ನಾನಲ್ಲ. ಓಡುವ ಅಗ್ಗದ ಗಾಡಿಯನ್ನು, ಓಡದ ದುಬಾರಿ ಹಳಿಗಿಂತ ಕೀಳೆಂದು ಎಣಿಸುವ ಲೆಕ್ಕ ಯಾರದ್ದು ಎಂದಷ್ಟೇ ಕೇಳುತ್ತಿದ್ದೇನೆ.

ಈಗ ಮೇಜಿನ ಮೇಲಿನ ರೈಲಿಗೆ ಬರೋಣ. ದುಬಾರಿಯವರ ಮೊದಲ ಹೆಮ್ಮೆ ನಿಖರತೆ. ರಿವೆಟ್ಟುಗಳನ್ನು ಎಣಿಸಬಹುದು, ಕೈಹಿಡಿಕೆಗಳು ಬೇರೆ ತಂತಿಯವು, ಚಾಲಕನ ಕ್ಯಾಬಿನ್ನಿನಲ್ಲಿ ಒತ್ತಡಮಾಪಕದ ಮುಳ್ಳೂ ಕಾಣುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚು ಜನ ತರಿಸುವುದು ಬ್ರಿಟಿಷ್ ಎಂಜಿನ್ನುಗಳನ್ನು, ಓಓ ಸ್ಕೇಲಿನಲ್ಲಿ, ಅಂದರೆ ಅಸಲಿನ 76.2ರಲ್ಲಿ ಒಂದು ಭಾಗ. ಇವು ಓಡುವ ಹಳಿಯ ಅಗಲ 16.5 ಮಿ.ಮೀ. ಗುಣಿಸಿ ನೋಡಿ: 1257 ಮಿ.ಮೀ. ಬರುತ್ತದೆ. ಬ್ರಿಟನ್ನಿನ ನಿಜವಾದ ಹಳಿ 1435. ಅಂದರೆ ರಿವೆಟ್ಟು ಎಣಿಸಿ ಮಾಡಿದ ಆ ಎಂಜಿನ್ ನಿಂತಿರುವ ಹಳಿಯೇ ಸುಮಾರು 178 ಮಿ.ಮೀ., ಒಂದು ಗೇಣಿನಷ್ಟು, ಕಿರಿದು! ಇದರ ಹಿಂದಿನ ಕಾರಣ ಸ್ವಾರಸ್ಯಕರ. ಬ್ರಿಟಿಷ್ ಎಂಜಿನ್ನುಗಳು ಯುರೋಪಿನವಕ್ಕಿಂತ ಸಣ್ಣ ಮೈಯವು. ನೂರು ವರ್ಷದ ಹಿಂದಿನ ಮೋಟಾರುಗಳು 87ರಲ್ಲಿ ಒಂದು ಭಾಗದ ಮೈಯೊಳಗೆ ಹಿಡಿಯಲಿಲ್ಲ. ಆದ್ದರಿಂದ ಹಳಿಯನ್ನು ಹಾಗೇ ಇಟ್ಟು ಮೈಯನ್ನು ಮಾತ್ರ ಹಿಗ್ಗಿಸಿದರು. ಅಗ್ಗದಲ್ಲಿ ಕೆಲಸ ಸಾಗಿಸಲು ಮಾಡಿಕೊಂಡ ರಾಜಿ ಅದು. ಆ ರಾಜಿಯ ಮೇಲೆ ಇವತ್ತು 250 ಪೌಂಡಿನ ಎಂಜಿನ್ ನಿಂತಿದೆ, ಅದರ ಮಾಲೀಕ ಅಗ್ಗದ ಎಂಜಿನ್ನಿನ ಬಫರ್ ದಪ್ಪವಾಯಿತೆಂದು ಮೂಗು ಮುರಿಯುತ್ತಾನೆ.

ನಮ್ಮ ಬ್ರಾಡ್ ಗೇಜ್ ಎಂಜಿನ್ನನ್ನು 87ರಲ್ಲಿ ಒಂದರ ಎಚ್‌ಓ ಸ್ಕೇಲಿಗೆ ಇಳಿಸಿದರೂ ಇದೇ ಪಾಡು. 1676ನ್ನು ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬೇಕು, ಸಿಗುವ ಹಳಿ 16.5. ಹುಬ್ಬಳ್ಳಿ ಶೆಡ್ಡಿನ ಡೀಸೆಲ್ ಎಂಜಿನ್ನನ್ನು ಎಷ್ಟೇ ಚೆಂದ ಮಾಡಿ, ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ನಿಖರತೆಯೇ ದೇವರಾದರೆ ಆ ದೇವರಿಗೆ ಪೂಜೆ ಸಲ್ಲಿಸುವವರು ಮೊದಲು ಕೈಯಾರೆ ಹಳಿ ಹಾಕಬೇಕು. ಅಂಥವರು ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ, ಅವರು ಅಂಗಡಿಯ ಪೆಟ್ಟಿಗೆ ತೋರಿಸಿ ಯಾರನ್ನೂ ಹೀಯಾಳಿಸುವುದನ್ನು ನಾನು ಕಂಡಿಲ್ಲ.

ಎರಡನೇ ಹೆಮ್ಮೆ ತಯಾರಿಕೆಯದು. ದುಬಾರಿ ಎಂಜಿನ್ ಯಾವುದೋ ಇಂಗ್ಲಿಷ್ ಕುಶಲಕರ್ಮಿಯ ಕೈಯಿಂದ ಬಂದದ್ದು, ಅಗ್ಗದ್ದು ಚೀನಾ ಮಾಲು ಎಂಬ ಭಾವನೆ. ಹಾರ್ನ್‌ಬಿ ಕಂಪನಿ ತನ್ನ ತಯಾರಿಕೆಯನ್ನು ಇಂಗ್ಲೆಂಡಿನ ಮಾರ್ಗೇಟಿನಿಂದ ಚೀನಾಕ್ಕೆ ಸಾಗಿಸಲು ಶುರುಮಾಡಿದ್ದು 1990ರ ದಶಕದಲ್ಲಿ. ಮಾದರಿ ರೈಲಿನ ಇನ್ನೊಂದು ಕಂಪನಿ ಬಾಕ್‌ಮನ್ 1987ರಿಂದ ಹಾಂಗ್‌ಕಾಂಗಿನ ಕಾಡರ್ ಕಂಪನಿಯ ಕೈಯಲ್ಲಿದೆ. ಸಂಡಾ ಕಾನ್ ಎಂಬ ಒಂದೇ ಕಾರ್ಖಾನೆ ಪರಸ್ಪರ ಪೈಪೋಟಿಯ ಹಲವು ಹೆಸರುಗಳಿಗೆ ಎಂಜಿನ್ ಮಾಡಿಕೊಡುತ್ತಿತ್ತು. 2008ರಲ್ಲಿ ಅದನ್ನೂ ಕಾಡರ್ ಕೊಂಡುಕೊಂಡಿತು. ಮೊನ್ನೆಯ ಮಾದರಿಯೇ ಇವತ್ತಿನ ಬಜೆಟ್ಟು ಎಂಬುದೂ ಗಮನಿಸಬೇಕಾದ ಸಂಗತಿ. ಹಾರ್ನ್‌ಬಿ 2004ರಲ್ಲಿ ಇಟಲಿಯ ಲಿಮಾದ ಅಚ್ಚುಗಳನ್ನು ಕೊಂಡಿತು. ಅಂಥ ಹಳೆಯ ಅಚ್ಚುಗಳಿಂದ ಬಂದ ಎಂಜಿನ್ನುಗಳು ಅದರ ಅಗ್ಗದ ಸಾಲಿನಲ್ಲಿ ಈಗಲೂ ಮಾರಾಟವಾಗುತ್ತವೆ. ಅವನ್ನು ಮೊದಲು ಕೊಂಡ ಪುಣ್ಯಾತ್ಮರು ಆಗ ಆಟಿಕೆ ಕೊಂಡಿದ್ದರೋ, ಮಾದರಿ ಕೊಂಡಿದ್ದರೋ? ಅಚ್ಚು ಅದೇ, ಮೈ ಅದೇ. ಬದಲಾದದ್ದು ಪಕ್ಕದ ಕಪಾಟಿನಲ್ಲಿ ಇಟ್ಟಿರುವ ಇನ್ನೊಂದು ಪೆಟ್ಟಿಗೆ.

ದುಬಾರಿ ಎಂದರೆ ಬಾಳಿಕೆ ಎನ್ನುವವರು ಸತುವಿನ ರೋಗದ ಬಗ್ಗೆ ಬಾಯಿ ಬಿಡುವುದಿಲ್ಲ. ಭಾರವಾದ ಎರಕದ ಚಾಸಿ ಸತುವಿನ ಮಿಶ್ರಲೋಹದ್ದು. ಎರಕದಲ್ಲಿ ಸೀಸದ ಕಲ್ಮಶ ಸೇರಿದ್ದರೆ ವರ್ಷಗಳು ಕಳೆದಂತೆ ಒಳಗಿಂದಲೇ ಹಿಗ್ಗಿ, ಬಿರಿದು, ಪುಡಿಯಾಗುತ್ತದೆ. ಕಪಾಟಿನಲ್ಲಿ ಸುಮ್ಮನಿದ್ದರೂ ಆಗುತ್ತದೆ, ಮದ್ದಿಲ್ಲ. ಬೆಲೆ ನೋಡಿ ಬರುವ ರೋಗವಲ್ಲ ಅದು. ಪ್ಲಾಸ್ಟಿಕ್ ಚಾಸಿಯ ಬಡ ಎಂಜಿನ್ನಿಗೆ ಈ ರೋಗ ತಗಲುವುದಿಲ್ಲ ಎನ್ನುವುದು ನನ್ನ ಸಣ್ಣ ಸಂತೋಷ.

ಇನ್ನು ಸುಂಕದ ಮಾತು. ಇದನ್ನು ವಿದೇಶದಲ್ಲಿ ಕೂತು ಸಲಹೆ ಕೊಡುವವರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಕಸ್ಟಮ್ಸಿನ ಕಣ್ಣಿಗೆ ಆಟಿಕೆಯೂ ಒಂದೇ, ಸ್ಕೇಲ್ ಮಾದರಿಯೂ ಒಂದೇ. ಎರಡೂ ಒಂದೇ ಶೀರ್ಷಿಕೆಯಲ್ಲಿ ಬರುತ್ತವೆ. ಸರ್ಕಾರ 2020ರಲ್ಲಿ ಆ ಶೀರ್ಷಿಕೆಯ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತು, 2023ರಲ್ಲಿ 70ಕ್ಕೆ. ಪೌಂಡಿಗೆ ನೂರು ರೂಪಾಯಿ ಎಂದೇ ಹಿಡಿಯಿರಿ: ಅಂಗಡಿಯವನು ತರಿಸುವ 250 ಪೌಂಡಿನ ಎಂಜಿನ್ 25,000 ರೂಪಾಯಿ, ಆ ಶೇ 70 ಸುಂಕ ಸೇರಿದರೆ 42,500, ಮೇಲೆ ಜಿಎಸ್‌ಟಿ, ಅಂಚೆ ವೆಚ್ಚ. ಇದರಲ್ಲಿ 17,500 ರೂಪಾಯಿಗೆ ಒಂದು ಗೇರಿನ ಹಲ್ಲೂ ಹೆಚ್ಚುವರಿಯಾಗಿ ಬಂದಿಲ್ಲ. ಗುಣಮಟ್ಟಕ್ಕೆ ಬೆಲೆ ಕೊಡಬೇಕು ಎನ್ನುವ ಮಾತನ್ನು ಲಂಡನ್ನಿನಲ್ಲಿ ಒಪ್ಪಬಹುದು. ಇಲ್ಲಿ ನಾವು ಆ ಬೆಲೆಯ ಬಹುದೊಡ್ಡ ಪಾಲನ್ನು ಕೊಡುವುದು ದೆಹಲಿಗೆ. ಆಟಿಕೆಯ ತೆರಿಗೆ ಕಟ್ಟಿ ತಂದುಕೊಂಡು ಇದು ಆಟಿಕೆಯಲ್ಲ ಎಂದು ವಾದಿಸುವುದು ಕಷ್ಟ.

ಕೆಟ್ಟರೆ? ಒಳಗಿನ ಡಿಜಿಟಲ್ ನಿಯಂತ್ರಣದ ಡಿಕೋಡರ್ ಸುಟ್ಟರೆ, ಒಂದು ಪ್ಲಾಸ್ಟಿಕ್ ಗೇರು ಸೀಳಿದರೆ, ಎಂಜಿನ್ನನ್ನು ಮರಳಿ ಕಳಿಸಬೇಕು, ಮತ್ತೆ ಬರುವಾಗ ಕಸ್ಟಮ್ಸಿಗೆ ಇದು ರಿಪೇರಿಯ ಮಾಲು ಎಂದು ಒಪ್ಪಿಸಬೇಕು. ಒಪ್ಪಿಸಿದವರನ್ನು ನಾನು ನೋಡಿದ್ದೇನೆ. ಅವರ ಸಹನೆ ದೊಡ್ಡದು.

ನಮ್ಮ ಈ ಕಡೆಯ ತಾಲ್ಲೂಕುಗಳಲ್ಲಿ ಯಂತ್ರ ಕೊಳ್ಳುವ ಬಗೆ ಬೇರೆಯೇ ಇದೆ, ಅದರಲ್ಲಿ ಬುದ್ಧಿಯೂ ಹೆಚ್ಚು. ಬೋರ್‌ವೆಲ್ಲಿಗೆ ಸಬ್‌ಮರ್ಸಿಬಲ್ ಮೋಟಾರು ಕೊಳ್ಳಲು ಹಗರಿಬೊಮ್ಮನಹಳ್ಳಿಗೆ ಬಂದ ರೈತ ಕ್ಯಾಟಲಾಗಿನ ಮಿರುಗು ನೋಡುವುದಿಲ್ಲ. "ಅಣ್ಣಾ, ಸುಟ್ರೆ ಇಲ್ಲೇ ವೈಂಡಿಂಗ್ ಆಗತೈತೇನು? ಬೇರಿಂಗ್ ಸಿಗತಾವಾ?" ಎಂದು ಕೇಳುತ್ತಾನೆ. ಪೈರು ಒಣಗುವ ಹೊತ್ತಿನಲ್ಲಿ ಮೋಟಾರು ಮೇಲೆತ್ತಿ, ಸಂಜೆಗೆ ವೈಂಡಿಂಗ್ ಅಂಗಡಿಗೆ ಹಾಕಿ, ಎರಡು ದಿನದಲ್ಲಿ ಮತ್ತೆ ಇಳಿಸುವಂತಿದ್ದರೆ ಅದು ಒಳ್ಳೆಯ ಮೋಟಾರು. ಪುಣೆಗೋ ಕೊಯಮತ್ತೂರಿಗೋ ಕಳಿಸಬೇಕಾದದ್ದು ಎಷ್ಟೇ ಹೆಸರುವಾಸಿಯಾಗಿರಲಿ, ಅವನ ಪಾಲಿಗೆ ಕೆಟ್ಟದ್ದು. ಈ ಪ್ರಶ್ನೆಯನ್ನು ಅಂಗೈಯಗಲದ ಎಂಜಿನ್ನಿಗೂ ಕೇಳಿದರೆ ಬಜೆಟ್ಟು–ಪ್ರೀಮಿಯಮ್ಮಿನ ಜಗಳದ ದಿಕ್ಕೇ ಬದಲಾಗುತ್ತದೆ.

ಆ ಪ್ರಶ್ನೆಗೆ ಅಗ್ಗದ ಎಂಜಿನ್ ಕೊಡುವ ಉತ್ತರ ಹೀಗಿದೆ. ಎರಡೋ ನಾಲ್ಕೋ ಸ್ಕ್ರೂ ಬಿಚ್ಚಿದರೆ ಮೈ ಕಳಚುತ್ತದೆ. ಒಳಗೆ 12 ವೋಲ್ಟ್ ಡಿಸಿ ಮೋಟಾರು, ಎರಡು ವಯರು, ನಾಲ್ಕು ಗೇರು. ಕಣ್ಣಿಗೆ ಕಾಣುವುದೆಲ್ಲ ಕೈಗೂ ಸಿಗುತ್ತದೆ. ಪಿಕಪ್ಪು ಸಾಲದೇ? ಫಾಸ್ಫರ್ ಬ್ರಾಂಜಿನ ತೆಳು ಪಟ್ಟಿಯನ್ನು ಗಾಲಿಯ ಹಿಂಬದಿಗೆ ಸವರುವಂತೆ ಬಾಗಿಸಿ, ಸುಮ್ಮನೆ ಉರುಳುತ್ತಿದ್ದ ಬೋಗಿಗೂ ಜೋಡಿಸಿ, ಮೋಟಾರಿಗೆ ಬೆಸೆದರೆ ಆಯಿತು. ಮೊಬೈಲ್ ರಿಪೇರಿಯ ಯಾವ ಹುಡುಗನಾದರೂ ಬೆಸುಗೆ ಹಾಕಿಕೊಡುತ್ತಾನೆ. ಪಾಯಿಂಟ್ಸಿನ ಮೇಲೆ ನಿಲ್ಲುವ ಕಾಯಿಲೆ ಮುಕ್ಕಾಲು ಪಾಲು ಅಲ್ಲಿಗೇ ಗುಣ. ಭಾರ ಸಾಲದೇ? ಕಾರಿನ ಗಾಲಿಗೆ ಬಡಿಯುವ ಬ್ಯಾಲೆನ್ಸ್ ತೂಕದ ಹಳೆಯ ತುಂಡುಗಳನ್ನು ಅಲೈನ್‌ಮೆಂಟ್ ಅಂಗಡಿಯವರು ಕೇಳಿದರೆ ಕೊಡುತ್ತಾರೆ. ಗೇರಿರುವ ಬೋಗಿಯ ಮೇಲೆ ಬರುವಂತೆ ಮೈಯೊಳಗೆ ಅಂಟಿಸಿದರೆ ಗಾಲಿ ಹಳಿಯನ್ನು ಕಚ್ಚುತ್ತದೆ. ಸೀಸದ ತುಂಡಾದರೆ ಕೈ ತೊಳೆದುಕೊಳ್ಳಬೇಕು, ಮಕ್ಕಳ ಕೈಗೆ ಕೊಡಬಾರದು. ಮೈ ಭಾರವಾದ ಮೇಲೆ ರಬ್ಬರ್ ಉಂಗುರದ ಗಾಲಿಯನ್ನೂ ಬದಲಿಸಬಹುದು, ಹಳಿಗೆ ಕೊಳೆ ಬಳಿಯುವುದು ತಪ್ಪುತ್ತದೆ. ಜರ್ಕು ಮೋಟಾರೊಂದರದೇ ಅಲ್ಲ, ಸೆಟ್ಟಿನ ಜೊತೆ ಬರುವ ಕಳಪೆ ಕಂಟ್ರೋಲರಿನದೂ ಹೌದು. ವಿದ್ಯುತ್ತನ್ನು ಮಿಡಿತ ಮಿಡಿತವಾಗಿ ಕೊಡುವ ಪಿಡಬ್ಲ್ಯುಎಂ ಮಾದರಿಯ ಸಣ್ಣ ಸರ್ಕ್ಯೂಟನ್ನು ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬಿಡಿಭಾಗಗಳಿಂದಲೇ ಕಟ್ಟಿಕೊಳ್ಳಬಹುದು. ಅದೇ ಮೂರು ಪೋಲಿನ ಮೋಟಾರು ಮೊದಲಿಗಿಂತ ಎಷ್ಟೋ ನಿಧಾನವಾಗಿ ತೆವಳುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ಹಳಿಗೂ, ಹಳಿಯ ನಾಲ್ಕಾರು ಕಡೆ ವಯರು ಬೆಸೆಯುವುದಕ್ಕೂ ಹಾಕಿ. ಕೆಟ್ಟ ಹಳಿಯ ಮೇಲೆ 40,000ದ ಎಂಜಿನ್ನೂ ಮುಗ್ಗರಿಸುತ್ತದೆ, ಒಳ್ಳೆಯ ಹಳಿಯ ಮೇಲೆ 4,000ದ್ದೂ ಮರ್ಯಾದೆಯಿಂದ ಓಡುತ್ತದೆ. ಇದು ರೈಲ್ವೆಯ ಗ್ಯಾಂಗ್‌ಮನ್‌ಗೆ ಗೊತ್ತಿರುವ ಸತ್ಯ, ಹವ್ಯಾಸಿಗಳಿಗೆ ಹೇಳಿಕೊಡಬೇಕಾಗಿ ಬಂದಿದೆ.

ಉಪದೇಶಕರು ಮೊದಲ ಖರೀದಿಯಾಗಿ ಎಂಜಿನ್ನನ್ನೇ ಇಡುತ್ತಾರೆ, ಹಳಿಯನ್ನಲ್ಲ. ಅವರ ದೊಡ್ಡ ಎಂಜಿನ್ನುಗಳು ಮನೆಯಲ್ಲಿ ತಿರುಗುವುದೂ ಇಲ್ಲ. ಕೆಲವು ಪೆಟ್ಟಿಗೆ ಸೆಟ್ಟುಗಳೊಂದಿಗೆ ಬರುವ ಬಿಗಿ ತಿರುವಿನ ತ್ರಿಜ್ಯ 371 ಮಿ.ಮೀ.; ಉದ್ದದ ಪ್ರೀಮಿಯಂ ಎಂಜಿನ್ನುಗಳು ಕನಿಷ್ಠ 438 ಕೇಳುತ್ತವೆ, ಚೆಂದ ಕಾಣಬೇಕಾದರೆ ಅದಕ್ಕಿಂತ ದೊಡ್ಡದು. ವೃತ್ತ ಮುಗಿಯಲು ಸುಮಾರು 90 ಸೆಂ.ಮೀ. ಅಗಲದ ಹಲಗೆಯಾದರೂ ಬೇಕು. ನಮ್ಮ ಮನೆಗಳ ಪಡಸಾಲೆಯಲ್ಲಿ ಮೆಕ್ಕೆಜೋಳದ ಚೀಲ, ದ್ವಿಚಕ್ರ ವಾಹನ, ಹೊಲಿಗೆ ಯಂತ್ರ, ಓದುವ ಮಕ್ಕಳು ಎಲ್ಲ ಇರಬೇಕು. ಗಿಡ್ಡ ಎಂಜಿನ್ನು, ಬಿಗಿ ತಿರುವು, ಮಂಚದ ಕೆಳಗೆ ತಳ್ಳಬಹುದಾದ ಹಲಗೆ: ಇದು ಬಡತನದ ಲೆಕ್ಕವಲ್ಲ, ಮೇಯೋನ ಎಂಜಿನಿಯರುಗಳು ಮಾಡಿದ ಲೆಕ್ಕವೇ.

ಹಾಗಾದರೆ ಅಗ್ಗದ್ದೆಲ್ಲ ಒಳ್ಳೆಯದೇ? ಇಲ್ಲ. ಕೊಟ್ಟೂರೇಶ್ವರ ಸ್ವಾಮಿಯ ತೇರಿಗೆ ಬಂದವರು ಮಕ್ಕಳಿಗೆ ಕೊಡಿಸುವ ಬ್ಯಾಟರಿ ರೈಲು ಬೇರೆಯದೇ ವಸ್ತು. ಅದರ ಗಾಲಿ ಬೇರೆ ಯಾವ ಹಳಿಗೂ ಕೂರದು, ಕೊಂಡಿ ಬೇರೆ ಯಾವ ಡಬ್ಬಿಗೂ ಸೇರದು, ಮೈಯನ್ನು ಸ್ಕ್ರೂ ಬದಲು ಅಂಟಿನಲ್ಲಿ ಮುಚ್ಚಿರುತ್ತಾರೆ. ಅದರಲ್ಲಿ ಮಗು ಪಡುವ ಸಂತೋಷಕ್ಕೆ ನಾನು ಅಡ್ಡ ಬರುವುದಿಲ್ಲ, ಆದರೆ ಅದರಿಂದ ಮುಂದೆ ದಾರಿಯಿಲ್ಲ. ಕೊಳ್ಳುವಾಗ ಬೆಲೆಯ ಚೀಟಿಗಿಂತ ಮೊದಲು ನೋಡಬೇಕಾದದ್ದು ಇಷ್ಟು: ಹಳಿ 16.5 ಅಥವಾ 9 ಮಿ.ಮೀ.ನ ಪ್ರಮಾಣಿತ ಅಳತೆಯದೇ, ಮೈ ಬಿಚ್ಚಲು ಬರುತ್ತದೆಯೇ, ಮೋಟಾರು ಸಾಮಾನ್ಯ 12 ವೋಲ್ಟಿನದೇ, ಕೊಂಡಿ ಕಳಚಿ ಬದಲಿಸಲು ಆಗುತ್ತದೆಯೇ. ಈ ಪರೀಕ್ಷೆಯಲ್ಲಿ ಪಾಸಾದ ಅಗ್ಗದ ಎಂಜಿನ್ನುಗಳಿವೆ, ನಪಾಸಾದ ದುಬಾರಿ ಎಂಜಿನ್ನುಗಳೂ ಇವೆ. ಹಳೆಯ ಬಳಸಿದ ಎಂಜಿನ್ನುಗಳಲ್ಲಂತೂ ಪಾಸಾದವೇ ಹೆಚ್ಚು.

ಕೆಲವರು ಮಕ್ಕಳ ಹೆಸರು ಹೇಳಿಯೇ ದುಬಾರಿಯದನ್ನು ಸಮರ್ಥಿಸುತ್ತಾರೆ, ಅದು ನನಗೆ ಅತ್ಯಂತ ಸಿಟ್ಟು ಬರಿಸುವ ವಾದ. ಮಗ ಒಳ್ಳೆಯದನ್ನು ನೋಡಿ ಬೆಳೆಯಲಿ ಎಂದು 40,000 ಸುರಿದ ಅಪ್ಪ ಆ ಎಂಜಿನ್ನನ್ನು ಮಗನ ಕೈಗೆ ಕೊಡುತ್ತಾನೆಯೇ? ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾನೆ. ಮಗ ಕಲಿಯುವುದು "ಮುಟ್ಟಬ್ಯಾಡ" ಎಂಬ ಒಂದು ಮಾತನ್ನು. ಇನ್ನು ನಮ್ಮ ಧೂಳು. ಜೂನಿನ ಗಾಳಿ ಬೀಸಲು ಶುರುವಾದರೆ ಹರಪನಹಳ್ಳಿಯಿಂದ ಕೂಡ್ಲಿಗಿವರೆಗೆ ಮುಚ್ಚಿದ ಕಪಾಟಿನೊಳಗೂ ಎರೆಮಣ್ಣಿನದೋ ಕೆಮ್ಮಣ್ಣಿನದೋ ಪದರ ಕೂರುತ್ತದೆ. ತಂತಿಯ ಕೈಹಿಡಿಕೆ, ಕೂದಲೆಳೆಯ ಪೈಪು, ಉಗುರಿನಗಲದ ಏಣಿ ಇರುವ ಎಂಜಿನ್ನನ್ನು ವಾರಕ್ಕೊಮ್ಮೆ ಬ್ರಶ್ಶಿನಲ್ಲಿ ಒರೆಸಿ ನೋಡಿ, ಎಷ್ಟು ವಿವರ ಉಳಿಯುತ್ತದೆಂದು. ಅಚ್ಚಿನಲ್ಲೇ ಮೂಡಿದ ದಪ್ಪ ಕೈಹಿಡಿಕೆಯ ಎಂಜಿನ್ ಬಟ್ಟೆಯಿಂದ ಒರೆಸಿದರೂ ಬದುಕುತ್ತದೆ.

ದುಬಾರಿ ರೈಲಿನ ಪರಾಕಾಷ್ಠೆ ನಮ್ಮ ದೇಶದಲ್ಲೇ ಇದೆ: ಗ್ವಾಲಿಯರಿನ ಜೈ ವಿಲಾಸ್ ಅರಮನೆಯ ಊಟದ ಮೇಜಿನ ಮೇಲೆ ಓಡಿದ ಬೆಳ್ಳಿಯ ರೈಲು. ಅತಿಥಿಗಳಿಗೆ ಬ್ರಾಂದಿ, ಚುಟ್ಟಾ ಒಯ್ಯುತ್ತಿತ್ತು. ವೈಭವದ ಅತಿರೇಕ ನಿಜ, ಆದರೆ ಆ ರೈಲಿಗೂ ಒಂದು ಕೆಲಸವಿತ್ತು, ಮಹಾರಾಜರು ಅದನ್ನು ಓಡಿಸಿದರು! ನಮ್ಮ ಕಪಾಟಿನ ಎಂಜಿನ್ನುಗಳಿಗೆ ಅಷ್ಟು ಭಾಗ್ಯವೂ ಇಲ್ಲ. ಇನ್ನೊಂದು ತುದಿಯಲ್ಲಿ ಪುಣೆಯ ಕೋಥರೂಡಿನ ಜೋಶಿಯವರ ಪುಟ್ಟ ರೈಲು ಸಂಗ್ರಹಾಲಯ. ಭಾವುಸಾಹೇಬ ಜೋಶಿಯವರು ವರ್ಷಗಳ ಕಾಲ ಕೂಡಿಸಿ, ಕಟ್ಟಿ, 1998ರಲ್ಲಿ ಜನರಿಗೆ ತೆರೆದದ್ದು. ಅಲ್ಲಿಗೆ ಹೋದವರು ಯಾವ ಎಂಜಿನ್ನಿಗೆ ಎಷ್ಟು ಬೆಲೆ ಎಂದು ಕೇಳುವುದಿಲ್ಲ. ಊರು, ಸೇತುವೆ, ಸಿಗ್ನಲ್ಲು, ಎಲ್ಲವೂ ಒಟ್ಟಿಗೆ ಓಡುವುದನ್ನು ಬಾಯಿ ಬಿಟ್ಟು ನೋಡುತ್ತಾರೆ.

ಸದ್ದಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಪ್ರೀಮಿಯಮ್ಮಿನಲ್ಲಿ ಡಿಜಿಟಲ್ ಡಿಕೋಡರು, ಸ್ಪೀಕರು ಇರುತ್ತವೆ, ಬ್ರಿಟಿಷ್ ಡೀಸೆಲ್ಲಿನ ಗುರುಗುರು ಕೇಳಿಸುತ್ತದೆ. ನಮ್ಮ ಹಳಿಯ ಮಾಲವಿ ಸ್ಟೇಷನ್ನಿನಲ್ಲಿ ನಿಂತವನ ಕಿವಿಯಲ್ಲಿರುವ ಸದ್ದು ಅದಲ್ಲ.

ಮರುಮಾರಾಟದ ಬೆಲೆ ಎಂಬ ಕಡೆಯ ವಾದ ಉಳಿಯಿತು. ದುಬಾರಿ ಎಂಜಿನ್ ಆಸ್ತಿಯಿದ್ದಂತೆ, ಯಾವಾಗ ಬೇಕಾದರೂ ಮಾರಬಹುದು ಎನ್ನುತ್ತಾರೆ. ಯಾರಿಗೆ? ಕೊಟ್ಟೂರು ಸಂತೆಯಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಹಸಿರು ಎಂಜಿನ್ನಿಗೆ ಗಿರಾಕಿ ಹುಡುಕಿ ನೋಡಲಿ. ಪೆಟ್ಟಿಗೆ ಒಡೆದರೆ ಬೆಲೆ ಇಳಿಯುತ್ತದೆ, ಓಡಿಸಿದರೆ ಇಳಿಯುತ್ತದೆ, ಧೂಳು ಕೂತರೆ ಇಳಿಯುತ್ತದೆ. ಅಷ್ಟಕ್ಕೂ ಮಾರುವ ದಿನಕ್ಕಾಗಿ ಜೋಪಾನ ಮಾಡುವುದಾದರೆ ಬಂಗಾರ ಕೊಳ್ಳುವುದು ಲೇಸು. ಅದಕ್ಕೆ ಎಣ್ಣೆ ಬಿಡುವ ಗೋಜೂ ಇಲ್ಲ.

ಈ ಇಡೀ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಯಾವ ಎಂಜಿನ್ನು? ನಾನು ನೋಡಿದ ದೊಡ್ಡ ಕಂಪನಿಗಳ ಕ್ಯಾಟಲಾಗುಗಳಲ್ಲಿ ಸ್ವಿಸ್ ಮೊಸಳೆ ಎಂಜಿನ್ನಿದೆ, ಫ್ಲೈಯಿಂಗ್ ಸ್ಕಾಟ್ಸ್‌ಮನ್ನಿದೆ, ಜಪಾನಿನ ಬುಲೆಟ್ ರೈಲಿದೆ. ಹುಬ್ಬಳ್ಳಿ–ಗುಂತಕಲ್ಲಿನ ಮೀಟರ್ ಗೇಜಿನ ಮೇಲೆ ನಮ್ಮ ಹಿರಿಯರನ್ನು ಎಳೆದೊಯ್ದ ಉಗಿ ಎಂಜಿನ್ನುಗಳಾದ ವೈಪಿ ಇಲ್ಲ, ವೈಜಿ ಇಲ್ಲ. ವೈಪಿ ಸಾಮಾನ್ಯ ಎಂಜಿನ್ನಲ್ಲ. 1949ರಿಂದ ಶುರುವಾಗಿ 800ಕ್ಕೂ ಹೆಚ್ಚು ಬಂದವು, ಜಮ್‌ಷೆಡ್‌ಪುರದ ಟೆಲ್ಕೋದಲ್ಲೇ ನೂರಾರು ತಯಾರಾದವು. ಒಂದೇ ನಮೂನೆ, ಒಂದೇ ಬಗೆಯ ಬಿಡಿಭಾಗ, ಯಾವ ಶೆಡ್ಡಿನಲ್ಲೂ ಬಿಚ್ಚಿ ಜೋಡಿಸಬಹುದಾದ ಸರಳ ರಚನೆ. ಬಜೆಟ್ ಎಂಜಿನ್ ಎಂದರೆ ಅದೇ. ದುಬಾರಿಯವರ ಉಪದೇಶ ಪಾಲಿಸಿ ನಾನು ಹತ್ತು ವರ್ಷ ದುಡ್ಡು ಕೂಡಿಟ್ಟರೂ ಆ ಕ್ಯಾಟಲಾಗುಗಳಿಂದ ಇದು ಬರುವುದಿಲ್ಲ.

ಕಟ್ಟಿಕೊಳ್ಳಬಹುದು, ಅದಕ್ಕೆ ಬೇಕಾದದ್ದು ಅಗ್ಗದ ಎಂಜಿನ್ನೇ. 9 ಮಿ.ಮೀ. ಹಳಿ ಎನ್ ಸ್ಕೇಲಿನದು, ಎಲ್ಲ ಕಡೆ ಸಿಗುತ್ತದೆ. ಅದನ್ನು ನಮ್ಮ ಮೀಟರ್ ಗೇಜ್ ಎಂದು ಎಣಿಸಿದರೆ ಸ್ಕೇಲು 110ರಲ್ಲಿ ಒಂದು ಭಾಗವಾಗುತ್ತದೆ, ಅಸಲಿ ಹಳಿಗೂ ಇದಕ್ಕೂ 10 ಮಿ.ಮೀ. ಮಾತ್ರ ವ್ಯತ್ಯಾಸ. ಓಓದವರ 178ರ ಎದುರು ಇದನ್ನಿಟ್ಟು ನೋಡಿ. ವೈಪಿಯ ಎಳೆಯುವ ಗಾಲಿ ನಾಲ್ಕೂವರೆ ಅಡಿ, 1372 ಮಿ.ಮೀ.; 110ರಿಂದ ಭಾಗಿಸಿದರೆ 12.5. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಯ ಕೆ4 ಎಂಜಿನ್ನಿನದು 80 ಇಂಚಿನ ಗಾಲಿ. ಎನ್ ಸ್ಕೇಲಿನಲ್ಲಿ, 160ರಲ್ಲಿ ಒಂದಾಗಿ, 12.7 ಮಿ.ಮೀ. ಗಾಲಿಗಳ ವಿನ್ಯಾಸವೂ ಅದೇ, ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು. ಮೈ ಮುರಿದು, ಬಣ್ಣ ಹೋಗಿ, ಸಂಗ್ರಹಕಾರರು ತಿರುಗಿಯೂ ನೋಡದ ಅಂಥದ್ದೊಂದು ಹಳೆಯ ಎಂಜಿನ್ನಿನ ಚಾಸಿ ಸಾಕು. ಮೈಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕೊಯ್ದುಕೊಳ್ಳಬೇಕು, ಬಾಯ್ಲರಿಗೆ ಸರಿಯಾದ ಅಳತೆಯ ಕೊಳವೆ ಹುಡುಕಬೇಕು. ವಿದ್ಯುತ್ ಸಾಮಾನಿನ ಅಂಗಡಿಯ ಸಣ್ಣ ಕಾಂಡ್ಯೂಟ್ ಪೈಪಿನಿಂದ ಹುಡುಕಾಟ ಶುರುಮಾಡಬಹುದು. ಟೆಂಡರ್ ಸೇರಿ ಅಸಲಿ ಎಂಜಿನ್ ಸುಮಾರು 19 ಮೀಟರ್ ಉದ್ದ, ಮೇಜಿನ ಮೇಲೆ 17 ಸೆಂ.ಮೀ.ಗೆ ಸ್ವಲ್ಪ ಹೆಚ್ಚು. ಹಂಪಾಪಟ್ಟಣ, ಹಗರಿಬೊಮ್ಮನಹಳ್ಳಿ, ಮಾಲವಿ, ಕೊಟ್ಟೂರು, ನಾಲ್ಕು ಸ್ಟೇಷನ್ನೂ ಒಂದು ಬಾಗಿಲಿನಷ್ಟು ಹಲಗೆಯ ಮೇಲೆ ಹಿಡಿಯುತ್ತವೆ. ಮೊದಲು ಹಳಿ ಹಾಕಿ. ಚಾಸಿ ಸಿಕ್ಕಾಗ ಸಿಗಲಿ.